ಹುಣಸೆ ನೀರಿನಲ್ಲಿ ತೊಳೆದ ಗಾಜು

ಕಳೆದ ವಾರ ನಮ್ಮ ಪ್ರಯೋಗಾಲಯದ ಬಾಗಿಲು ತೆರೆದ ಕೂಡಲೇ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ಯಾರೋ ಊಟದ ಡಬ್ಬಿ ಬಿಚ್ಚಿಟ್ಟಿದ್ದಾರೆ ಎಂದು ರೇಗುತ್ತಲೇ ಒಳಗೆ ಹೋದೆ. ನೋಡಿದರೆ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಬೀಕರಿನಲ್ಲಿ ಹುಣಸೆಹಣ್ಣು ನೆನೆಯುತ್ತಿತ್ತು. ಚಿಂಚೋಳಿ ಕಡೆಯಿಂದ ಬಂದ ಹೊಸ ಸಂಶೋಧನಾ ವಿದ್ಯಾರ್ಥಿನಿ ಅದರ ಮುಂದೆ ನಿಂತಿದ್ದಳು. ಹುಣಸೆಯ ಹುಳಿಗೆ ಬದಲಾಗಿ ನಾವು ಈಗ ಬಳಸುವ ಟಾರ್ಟಾರಿಕ್ ಆಮ್ಲದ ಬಾಟಲಿ ಮುಗಿದಿತ್ತು, ಹೊಸದು ಬರುವುದು ತಡ. ಹಾಗಾಗಿ ಆಕೆ ನನ್ನ ಹಳೆಯ ಲೇಖನವನ್ನೂ ಅದರ ತಿದ್ದುಪಡಿಯನ್ನೂ ಹುಡುಕಿ ತೆಗೆದು, ಅದರಲ್ಲಿದ್ದಂತೆಯೇ ಮಾಡಿ ನೋಡಲು ಮನೆಯಿಂದ ಹುಣಸೆಹಣ್ಣು ತಂದಿದ್ದಳು.

“ಮೇಡಂ, ಹುಣಸಿ ನೀರಾಗ ಇಟ್ಟ ಮ್ಯಾಲೆ ಡಿಸ್ಟಿಲ್ಡ್ ವಾಟರ್‌ಲೆ ಒಂದೇ ಸಲ ತೊಳಿಬೇಕು ಅಂತ ಬರ್ದೀರಿ. ಯಾಕ್ರಿ ಒಂದೇ ಸಲ? ಮೂರು ಸಲ ತೊಳದ್ರ ಏನಾಗ್ತದ?”

ಆ ಲೇಖನ ಅಚ್ಚಾಗಿ ಎಷ್ಟೋ ವರ್ಷಗಳಾದವು. ದೊಡ್ಡ ದೊಡ್ಡ ಸಭೆಗಳಲ್ಲಿ ಅದರ ಬಗ್ಗೆ ಮಾತಾಡಿದ್ದೇನೆ. ನನಗಿಂತ ಬುದ್ಧಿವಂತರು ಎದ್ದು ನಿಂತು ನನ್ನನ್ನು ಹಿಡಿದು ಅಲ್ಲಾಡಿಸಿದ್ದಾರೆ. ಆದರೆ ಒಂದೇ ಸಲ ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ. “ನಾಳೆ ಹೇಳ್ತೀನಿ” ಎಂದು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಿಟ್ಟು ಆಕೆಯ ಮೇಲಲ್ಲ. ಸೇಡಂನ ಆಚಾರ್ರು ನೆನಪಾಗಿದ್ದರು...

ನಾನು ಶಹಾಬಾದಿನವಳು. ತೊಂಬತ್ತರ ದಶಕದ ಕೊನೆಯಲ್ಲಿ ಸೇಡಂನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಶಹಾಬಾದಿನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು, ಚಿತ್ತಾಪುರ ದಾಟಿ ಸೇಡಂ ಸೇರುವ ಹೊತ್ತಿಗೆ ಹತ್ತು ಗಂಟೆ. ವಾಡಿಯಲ್ಲಿ ಗಾಡಿ ತಪ್ಪಿದರೆ ಆ ದಿನದ ಪ್ರಯೋಗಕ್ಕೆ ಎಳ್ಳುನೀರು. ಪಾಠದ ಜೊತೆಗೆ ಪಿಎಚ್.ಡಿ.ಗೂ ಹೆಸರು ಹಚ್ಚಿದ್ದೆ. ಮಾರ್ಗದರ್ಶಕರು ಕಲಬುರಗಿಯಲ್ಲಿದ್ದರು, ಪ್ರಯೋಗ ಮಾತ್ರ ಸೇಡಂ ಕಾಲೇಜಿನ ಹಳೆಯ ಲ್ಯಾಬಿನಲ್ಲಿ. ನೆಲಕ್ಕೆ ನಮ್ಮೂರಿನದೇ ಪರಸಿ ಕಲ್ಲು, ಕಿಟಕಿ ಗಾಜಿನ ಮೇಲೆ ಎಷ್ಟು ಒರೆಸಿದರೂ ಹೋಗದ, ಊರ ಸುತ್ತಲ ಕಾರ್ಖಾನೆಗಳ ಸಿಮೆಂಟಿನ ಧೂಳು. ಅಲ್ಲಿ ಕೂತು ನಾನು ನ್ಯಾನೋ ಕಣ ಮಾಡುತ್ತೇನೆ ಎಂದಾಗ ಸಹೋದ್ಯೋಗಿಗಳು ನಕ್ಕಿದ್ದರು. ನಗುವ ಹಾಗೆಯೇ ಇತ್ತು.

ಬೆಳ್ಳಿಯನ್ನು ಸಣ್ಣದು ಮಾಡುತ್ತಾ ಹೋಗಿ, ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿಗೆ ತಂದರೆ ಅದು ಬೆಳ್ಳಿಯ ಹಾಗೆ ಕಾಣುವುದಿಲ್ಲ. ನೀರಿನಲ್ಲಿ ತೇಲುತ್ತಾ ಇಡೀ ನೀರನ್ನೇ ಹಳದಿ ಮಾಡುತ್ತದೆ, ಅರಿಶಿನದ ಕೈ ಅದ್ದಿ ತೆಗೆದ ನೀರಿನ ಹಾಗೆ. ಆ ಹಳದಿ ನೀರನ್ನು ಮಣ್ಣಿನ ಫಿಲ್ಟರಿಗೆ ಕುಡಿಸಿದರೆ ಅದರಲ್ಲಿ ಸೋಸಿದ ನೀರಿನ ರೋಗಾಣುಗಳು ಸಾಯುತ್ತವೆ. ಮಳೆಗಾಲದಲ್ಲಿ ವಾಂತಿಭೇದಿಯಿಂದ ನರಳುವ ಚಿಂಚೋಳಿ ಗುಡ್ಡದ ಊರುಗಳಿಗೆ ಅಂಥದ್ದೊಂದು ಫಿಲ್ಟರ್ ಕೊಡಬೇಕು ಎಂಬುದು ನನ್ನ ಹಟ. ತೊಡಕು ಒಂದೇ. ಆ ಕಣಗಳು ಬೇರೆಬೇರೆಯಾಗಿ ನಿಲ್ಲುವುದಿಲ್ಲ, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಹಳದಿ ಹೋಗಿ ಬೂದಿ ಬಣ್ಣ ಬಂತೆಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಬೇರೆಯವರಲ್ಲಿ ಸಂಜೆಯೊಳಗೆ ಕೆಡುತ್ತಿದ್ದ ಆ ನೀರು ನನ್ನ ಫ್ಲಾಸ್ಕಿನಲ್ಲಿ ವಾರಗಟ್ಟಲೆ ಹಳದಿಯಾಗಿಯೇ ನಿಲ್ಲುತ್ತಿತ್ತು. ನನ್ನ ಕೈಗುಣ ಎಂದು ಬೀಗಿದ್ದೆ. ಅದನ್ನೇ ಬರೆದು ಲೇಖನ ಕಳಿಸಿದೆ, ಅಚ್ಚೂ ಆಯಿತು.

ಆಚಾರ್ರು ಆ ಲ್ಯಾಬಿನ ಅಟೆಂಡರ್. ವೈಷ್ಣವರ ಮನೆತನ, ಊರಿನ ಹನುಮಪ್ಪನ ಗುಡಿಯ ಪೂಜೆ ತಲೆಮಾರಿನಿಂದ ಅವರದೇ. ನಸುಕಿನಲ್ಲಿ ದೇವರಿಗೆ ನೀರು ಹಾಕಿ, ಗಂಧ ಹಚ್ಚಿ, ಏಳು ಗಂಟೆಗೆಲ್ಲ ಕಾಲೇಜಿಗೆ ಬಂದು ಗಾಜಿನ ಸಾಮಾನು ತೊಳೆದು, ಒಗೆದ ಪಂಚೆಯ ಮೇಲೆ ಸಾಲಾಗಿ ಬೋರಲು ಹಾಕಿಡುತ್ತಿದ್ದರು. ಸೇಡಂನ ನೀರೆಲ್ಲ ಸುಣ್ಣದ ಕಲ್ಲಿನೊಳಗಿಂದ ಬರುವ ನೀರು. ಯಾವ ಗಾಜು ಒಣಗಿದರೂ ಅದರ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು. ಆಚಾರ್ರ ಕೈಯಿಂದ ಬಂದ ಗಾಜಿನ ಮೇಲೆ ಅದರ ಸುಳಿವೂ ಇರುತ್ತಿರಲಿಲ್ಲ. ನಾನು ಇಷ್ಟಲಿಂಗ ಕಟ್ಟಿದವರ ಮನೆಯವಳು, ಮಡಿ ಮೈಲಿಗೆ ಕಂಡರೆ ನಾಲಿಗೆ ಸುಮ್ಮನಿರುತ್ತಿರಲಿಲ್ಲ. “ಆಚಾರ್ರ, ಫ್ಲಾಸ್ಕಿಗೂ ಮಡಿ ಉಡಿಸೀರೇನ್ರಿ?” ಎಂದು ಕಾಡುತ್ತಿದ್ದೆ. ಅವರು ನಕ್ಕು ತಲೆ ತಗ್ಗಿಸುತ್ತಿದ್ದರು. ಹತ್ತಿರ ಬಂದರೆ ಹುಣಸೆಹಣ್ಣಿನ ವಾಸನೆ. ಅದು ಅವರ ಊಟದ ಡಬ್ಬಿಯ ಗೊಜ್ಜು ಎಂದುಕೊಂಡಿದ್ದೆ. ಮೂಗಿದ್ದೂ ಇಲ್ಲದಂಥವಳು ನಾನು.

ಲ್ಯಾಬಿನಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಗಾಜಿನ ಸಾಮಾನನ್ನು ಕ್ರೋಮಿಕ್ ಆಸಿಡ್‌ನಲ್ಲಿ ತೊಳೆಯಬೇಕು, ತೊಳೆದ ಮೇಲೆ ಅದರಲ್ಲಿ ಬರೆದು ಸಹಿ ಹಾಕಬೇಕು ಎಂಬುದು ಕಾಲೇಜಿನ ನಿಯಮ. ಕಿತ್ತಳೆ ಬಣ್ಣದ ಆ ಆಸಿಡ್ ಗಾಜಿನ ಮೇಲಿನ ಕೊಳೆಯನ್ನೆಲ್ಲ ಸುಟ್ಟುಹಾಕುತ್ತದೆ, ತಾಗಿದರೆ ಚರ್ಮವನ್ನೂ. ಪ್ರತಿ ದಿನದ ಎದುರಿಗೂ ‘ಆಸಿಡ್ ವಾಶ್ ಆಗಿದೆ’ ಎಂಬ ಸಾಲು, ಕೆಳಗೆ ಆಚಾರ್ರ ಸಹಿ. ನನ್ನ ಲೇಖನದಲ್ಲಿ ನಾನು ಬರೆದದ್ದೂ ಅದನ್ನೇ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿರಬೇಕು, ಮಾರ್ಗದರ್ಶಕರು ಕರೆಸಿದರು. ಮೇಜಿನ ಮೇಲೆ ಬೇರೆ ರಾಜ್ಯದ ಒಂದು ಪ್ರಯೋಗಾಲಯದ ಪತ್ರವಿತ್ತು. ಕೂತುಕೋ ಎಂದೂ ಅನ್ನಲಿಲ್ಲ.

“ಅವರು ಐದು ಸಲ ಮಾಡಿ ನೋಡ್ಯಾರಂತ. ಐದೂ ಸಲ ಸಂಜೀ ತನಕಾನೂ ನಿಂತಿಲ್ಲ. ನೀ ಬರದದ್ದು ಖರೇ ಇದ್ರ ಇಲ್ಲಿ, ನಮ್ಮ ಲ್ಯಾಬಿನಾಗ, ನಮ್ಮ ಮುಂದ ಮಾಡಿ ತೋರಿಸು. ಹದಿನೈದು ದಿನ ಕೊಡ್ತೀನಿ. ಆಗ್ಲಿಲ್ಲಂದ್ರ ಲೇಖನ ವಾಪಸ್ ತಗೋಬೇಕು. ಲೇಖನ ಹೋದ್ರ ನಿನ್ನ ಪಿಎಚ್.ಡಿ.ನೂ ಹೋತು.”

ಅವರು ಸುಳ್ಳಿ ಎನ್ನಲಿಲ್ಲ. ಅನ್ನುವುದು ಮಾತ್ರ ಉಳಿದಿತ್ತು. ಮರುದಿನವೇ ಅವರ ಲ್ಯಾಬಿನಲ್ಲಿ ಮಾಡಿದೆ. ಬೆಳಿಗ್ಗೆ ಹಳದಿ ಬಂತು. ಮಧ್ಯಾಹ್ನಕ್ಕೆ ಕಂದು. ನಾಲ್ಕು ಗಂಟೆಗೆ ಬೂದಿ ನೀರು, ತಳದಲ್ಲಿ ಕರಿ ಗಸಿ. ಸೇಡಂಗೆ ಓಡಿ ಬಂದು ಮಾಡಿದೆ. ಬಂಗಾರದಂಥ ಹಳದಿ, ಮರುದಿನವೂ ಅದೇ ಬಣ್ಣ. ನನಗೆ ಹುಚ್ಚು ಹಿಡಿಯುವುದು ಬಾಕಿ. ಸೇಡಂನ ಭಟ್ಟಿ ನೀರನ್ನು, ಅಂದರೆ ಡಿಸ್ಟಿಲ್ಡ್ ವಾಟರನ್ನು, ಕ್ಯಾನಿನಲ್ಲಿ ತುಂಬಿಕೊಂಡು ಕಲಬುರಗಿಗೆ ಹೊತ್ತೆ, ಕೆಟ್ಟಿತು. ರಾಸಾಯನಿಕದ ಬಾಟಲಿಗಳನ್ನು ಸೀರೆಯಲ್ಲಿ ಸುತ್ತಿ ಹೊತ್ತೆ, ಕೆಟ್ಟಿತು. ತಕ್ಕಡಿ ಹೊತ್ತೆ. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ತಕ್ಕಡಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನ್ನನ್ನು ನೋಡಿ, ಏನು ಮಾರುತ್ತೀರಿ ಎಂದು ಒಬ್ಬರು ಕೇಳಿದ್ದರು. ಗಾಜನ್ನು ಮಾತ್ರ ಒಯ್ಯಲಿಲ್ಲ. ಅಲ್ಲಿನ ಗಾಜು ನಮ್ಮದಕ್ಕಿಂತ ಒಳ್ಳೆಯದು, ಅದನ್ನೇಕೆ ಹೊರಬೇಕು?

ಒಂಬತ್ತು ದಿನ ಹೋದವು. ಊಟ ಸೇರುತ್ತಿರಲಿಲ್ಲ. ರೈಲಿನಲ್ಲಿ ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕಂತೆ ಅನ್ನಿಸುತ್ತಿತ್ತು. ನಾನೇ ಏನಾದರೂ ಸುಳ್ಳು ಬರೆದೆನೇ ಎಂದು ಹಳೆಯ ನೋಟ್‌ಬುಕ್ಕುಗಳನ್ನು ಕಳ್ಳಿಯ ಹಾಗೆ ತೆರೆದು ನೋಡುತ್ತಿದ್ದೆ... ಹತ್ತನೆಯ ದಿನ ಆಚಾರ್ರು ರಜೆ ಹಾಕಿದ್ದರು, ಅಣ್ಣನ ಶ್ರಾದ್ಧಕ್ಕೆ ದಂಡೋತಿಗೆ ಹೋಗಿದ್ದರು. ಫ್ಲಾಸ್ಕುಗಳನ್ನು ನಾನೇ ತೊಳೆದೆ. ಆಸಿಡ್ ಜಾಡಿಯ ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಸುತ್ತಿಗೆಯಿಂದ ಬಡಿದು ತೆಗೆಯಬೇಕಾಯಿತು. ಅದನ್ನು ಬಡಿಯುವಾಗಲೂ ನನಗೆ ಏನೂ ಹೊಳೆಯಲಿಲ್ಲ. ನಿಯಮದಂತೆ ತೊಳೆದು ಬೆಳ್ಳಿಯ ನೀರು ಮಾಡಿದೆ. ಮಧ್ಯಾಹ್ನಕ್ಕೆ ಬೂದಿ.

ಅದೇ ಸೇಡಂ, ಅದೇ ನೀರು, ಅದೇ ಬಾಟಲಿ. ಇಲ್ಲದಿದ್ದವರು ಆಚಾರ್ರು ಒಬ್ಬರೇ. ಆಗ ತುಕ್ಕು ಹಿಡಿದ ಮುಚ್ಚಳ ಕಣ್ಣಮುಂದೆ ಬಂತು.

ಮರುದಿನ ಮಧ್ಯಾಹ್ನ, ಹುಡುಗರೆಲ್ಲ ಹೋದ ಮೇಲೆ, ಲ್ಯಾಬಿನ ಬಾಗಿಲು ಮುಂದೆ ಮಾಡಿ ಅವರನ್ನು ಕೇಳಿದೆ. “ಆಚಾರ್ರ, ಫ್ಲಾಸ್ಕ್ ಯಾತರ್ಲೆ ತೊಳಿತೀರಿ?”

“ಆಸಿಡ್‌ಲೇರಿ ಬಾಯಾರ. ಬುಕ್ಕಿನಾಗ ದಸ್ಕತ್ತು ಹಾಕೀನಲ್ರಿ.”

ಲೇಡಿ ಟೀಚರುಗಳನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಆ ಪದವನ್ನು ಅವರು ಯಾವಾಗಲೂ ಅಕ್ಕರೆಯಿಂದ ಎಳೆದು ಅನ್ನುತ್ತಿದ್ದರು. ಅಂದು ಮಾತ್ರ ಗಡಿಬಿಡಿಯಲ್ಲಿ ಅಂದು ಮುಗಿಸಿದರು. ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ. ನನ್ನ ಸಿಟ್ಟು ಎಂದೂ ಮೂಗಿನ ತುದಿಯಲ್ಲೇ ಇರುವಂಥದ್ದು. ಹತ್ತು ದಿನದ ಹೆದರಿಕೆಯೆಲ್ಲ ಅವರ ಮೇಲೆ ತಿರುಗಿತು. ನನ್ನ ಬದುಕು ಹಾಳಾಗುತ್ತಿದೆ, ಈ ಮನುಷ್ಯ ಕೈಕಟ್ಟಿ ನಿಂತು ಸುಳ್ಳು ಹೇಳುತ್ತಾನೆ ಎಂದು ಮೈ ಉರಿಯಿತು.

“ಹಂಗಾದ್ರ ನಿಮ್ಮ ಹನುಮಪ್ಪನ ಮ್ಯಾಲೆ ಆಣಿ ಮಾಡಿ ಹೇಳ್ರಿ,” ಎಂದೆ.

ಅವರ ಮುಖ ಬಿಳುಪಾಯಿತು. ಬಾಯಿ ತೆರೆದರು, ಮಾತು ಬರಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಒರೆಸಿಕೊಂಡರು, ಕೈ ಒಣಗಿಯೇ ಇದ್ದವು. ಆಮೇಲೆ ಬಾಗಿಲು ತೆಗೆದು ಹೋದರು. ಗೆದ್ದೆ ಎಂದುಕೊಂಡು ನಾನು ಸಂಜೆಯ ರೈಲು ಹತ್ತಿದೆ. ದೇವರನ್ನು ನಂಬುವವರ ಮುಂದೆ ದೇವರನ್ನೇ ಪಣಕ್ಕಿಡುವುದು ಎಂಥ ಕ್ರೌರ್ಯ ಎಂದು ಆಗ ನನಗೆ ಅನ್ನಿಸಲೇ ಇಲ್ಲ.

ಮರುದಿನ ನಾನು ಹೋದಾಗ ಅವರು ಸಿಂಕಿನ ಹತ್ತಿರ ನಿಂತಿದ್ದರು. ಮುಂದೆ ಒಂದು ತಾಮ್ರದ ಗಂಗಾಳ, ಅದರಲ್ಲಿ ಕಿವುಚಿದ ಹುಣಸೆಹಣ್ಣು. “ಕುಂದ್ರಿ ಬಾಯಾರ. ತೊಳದು ತೋರಸ್ತೀನಿ,” ಎಂದರು. ಫ್ಲಾಸ್ಕಿಗೆ ಹುಣಸೆ ನೀರು ತುಂಬಿ ನೆನೆಯಲು ಬಿಟ್ಟರು. ಆಮೇಲೆ ಒಳಗೆಲ್ಲ ಬೆರಳಾಡಿಸಿ ಉಜ್ಜಿ, ಚೆಲ್ಲಿ, ಭಟ್ಟಿ ನೀರನ್ನು ಒಂದೇ ಸಲ ಆಡಿಸಿ ಬೋರಲು ಹಾಕಿದರು. ಕರೆಂಟು ಇದ್ದಾಗಷ್ಟೇ ನಮ್ಮ ಭಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಪ್ರಯೋಗಕ್ಕೆ ಕಡಿಮೆ ಬೀಳಬಾರದೆಂದು ಅವರು ತೊಳೆಯಲು ಒಂದು ಸಲಕ್ಕಿಂತ ಹೆಚ್ಚು ಬಳಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅಂಗೈ ಎರಡನ್ನೂ ನನ್ನ ಮುಂದೆ ಹಿಡಿದರು. ಹಳೆಯ ಸುಟ್ಟ ಕಲೆಗಳು ಮಣಿಕಟ್ಟಿನವರೆಗೆ ಇದ್ದವು.

“ಆಸಿಡ್ ಸಿಡದು ಕೈ ಒಡದು ರಕ್ತ ಬಂತಂದ್ರ ಗರ್ಭಗುಡಿ ಒಳಗ ಹೋಗ್ಲಿಕ್ಕೆ ಬರಂಗಿಲ್ರಿ. ಹ್ಯಾಂಡ್‌ಗ್ಲೌಸ್ ಕೇಳಿದ್ರ ಕೊಡ್ಲಿಲ್ಲ. ಭಾಳ ವರ್ಷ ಆತ್ರಿ, ಆ ಜಾಡಿ ಮುಟ್ಟಿಲ್ಲ. ಮನ್ಯಾಗ ದೇವರ ಸಾಮಾನು ಹೆಂಗ ತೊಳಿತೀವಿ, ಹಂಗೇ ತೊಳೀಲಿಕತ್ತೀನಿ. ಗಲತಿ ನಂದೇ.”

ಹುಣಸೆಹಣ್ಣಿನ ಹುಳಿಯೂ ಅಂಟೂ ಗಾಜಿನ ಒಳಮೈಗೆ ತೆಳ್ಳಗೆ ಹಿಡಿದುಕೊಂಡು, ಬೆಳ್ಳಿಯ ಒಂದೊಂದು ಕಣವನ್ನೂ ಇನ್ನೊಂದಕ್ಕೆ ತಾಗದಂತೆ ಕಾದಿದ್ದವು. ಮೂರು ಸಲ ತೊಳೆದಿದ್ದರೆ ಆ ಪೊರೆ ಹೋಗಿಬಿಡುತ್ತಿತ್ತು. ವರ್ಷಗಟ್ಟಲೆ ನಾನು ನನ್ನ ಕೈಗುಣವೆಂದು ಬೀಗಿದ್ದು ಆಚಾರ್ರ ಕೈಯದಾಗಿತ್ತು.

ಅವರು ಕೇಳಿದ್ದು ಒಂದೇ ಮಾತು. “ಇದನ್ನ ಬರೀತೀರೇನ್ರಿ?”

ಬರೆಯದಿದ್ದರೆ ನಾನು ಹೋಗುತ್ತಿದ್ದೆ. ಇದ್ದದ್ದನ್ನು ಇದ್ದಹಾಗೆ ಬರೆದರೆ ಅವರು ಹೋಗುತ್ತಿದ್ದರು. ಹಿಂದಿನ ವರ್ಷವಷ್ಟೇ ಸ್ಪಿರಿಟಿನ ಲೆಕ್ಕವನ್ನು ರಿಜಿಸ್ಟರಿನಲ್ಲಿ ತಪ್ಪು ಬರೆದನೆಂದು ಇನ್ನೊಬ್ಬ ಅಟೆಂಡರನ್ನು ಕಾಲೇಜಿನವರು ಅಮಾನತು ಮಾಡಿದ್ದರು. ಆಚಾರ್ರ ನಿವೃತ್ತಿಗೆ ಐದು ತಿಂಗಳಿತ್ತು. ವರ್ಷಗಟ್ಟಲೆ ದಿನಕ್ಕೊಂದು ಸುಳ್ಳು ಸಹಿ ಹಾಕಿದ್ದು ಹೊರಗೆ ಬಂದರೆ ಯಾರು ಬಿಡುತ್ತಿದ್ದರು? ಒಂದು ಮುಷ್ಟಿ ಹುಣಸೆಹಣ್ಣನ್ನು ನನ್ನ ಡಬ್ಬಿಗೆ ಹಾಕಿಕೊಂಡು ಕಲಬುರಗಿಗೆ ಹೊರಟೆ.

ಅಲ್ಲಿನ ಲ್ಯಾಬಿನಲ್ಲಿ ಮೂವರು ಹಿರಿಯರ ಮುಂದೆ, ಹುಣಸೆ ನೀರಿನಲ್ಲಿ ಗಾಜು ತೊಳೆದು ಮಾಡಿದೆ. ಮೊದಲ ದಿನ ಹಳದಿ. ಎರಡನೆಯ ದಿನ ಬೀಗ ತೆಗೆಯುವ ಮೊದಲೇ ಹೋಗಿ ವರಾಂಡದಲ್ಲಿ ನಿಂತಿದ್ದೆ. ಹಳದಿ. ಮೂರನೆಯ ದಿನ ಮಾರ್ಗದರ್ಶಕರು ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. “ಮತ್ತ ಇದನ್ನ ಯಾಕ ಬರ್ದಿಲ್ಲ?” ಎಂದರು. ಆಗ ನನ್ನ ಬಾಯಿಂದ ಬಂದ ಮಾತು, “ಕಣ್ತಪ್ಪಿ ಬಿಟ್ಟೀನಿ ಸರ್.”

ತಿದ್ದುಪಡಿಯ ಪತ್ರದಲ್ಲೂ ಹಾಗೆಯೇ ಬರೆದೆ. ಗಾಜನ್ನು ಹುಣಸೆ ರಸದಲ್ಲಿ ಸಂಸ್ಕರಿಸಿ ಡಿಸ್ಟಿಲ್ಡ್ ವಾಟರಿನಲ್ಲಿ ಒಂದೇ ಸಲ ತೊಳೆದದ್ದು ಲೇಖಕಿಯೇ, ಬೇಕೆಂದೇ ಮಾಡಿದ್ದು, ಆ ಹಂತ ಕಣ್ತಪ್ಪಿನಿಂದ ಬಿಟ್ಟುಹೋಗಿದೆ ಎಂದು. ಸೇಡಂಗೆ ಬಂದು ಆಚಾರ್ರಿಗೆ ಓದಿ ಹೇಳಿದೆ. ಅವರನ್ನು ಉಳಿಸಿದೆ ಎಂಬ ಹೆಮ್ಮೆ ದನಿಯಲ್ಲಿ ಇದ್ದೇ ಇತ್ತು. ಅವರು ಪೂರ್ತಿ ಕೇಳಿದರು.

“ನಾನೂ ಉಳದೆ, ನೀವೂ ಉಳದ್ರಿ,” ಎಂದರು. ಬೋರಲಿದ್ದ ಒಂದು ಫ್ಲಾಸ್ಕನ್ನು ಸರಿಸಿಡುತ್ತಾ, “ಆದ್ರ ಇಬ್ರದೂ ದಸ್ಕತ್ತು ಸುಳ್ಳಾದ್ವಲ್ರಿ ಬಾಯಾರ,” ಎಂದರು.

ಆ ಮಾತಿಗೆ ನನಗೆ ಸಿಟ್ಟೇ ಬಂತು. ಇಷ್ಟು ಮಾಡಿದ ಮೇಲೂ ಇವರದೊಂದು ಕೊಂಕು ಎಂದುಕೊಂಡೆ. ಐದು ತಿಂಗಳಿಗೆ ಅವರು ನಿವೃತ್ತರಾದರು. ಹಾರ ಹಾಕಿ ಕಳಿಸಿದೆವು.

ಆ ಹುಣಸೆ ನೀರೇ ನನ್ನನ್ನು ಸಾಕಿತು. ಪದವಿ ಬಂತು, ದೊಡ್ಡ ಸಂಸ್ಥೆಯಲ್ಲಿ ಕೆಲಸ ಬಂತು, ಅಡಿಗೆಮನೆಯ ವಸ್ತುವಿನಿಂದ ನ್ಯಾನೋ ಕಣ ನಿಲ್ಲಿಸಿದವಳು ಎಂಬ ಹೆಸರೂ ಬಂತು. ಸಭೆಗಳಲ್ಲಿ, ಇದು ಹೇಗೆ ಹೊಳೆಯಿತು ಎಂದು ಕೇಳಿದರೆ, ನಮ್ಮ ಅಜ್ಜಿ ಹಿತ್ತಾಳೆ ಪಾತ್ರೆ ಬೆಳಗುವುದನ್ನು ನೋಡುತ್ತಿದ್ದೆ ಎಂದು ನಗುತ್ತಾ ಹೇಳುತ್ತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಹೆಸರು ಹೇಳದಿರುವುದು ಆಚಾರ್ರ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವರು ನಿವೃತ್ತರಾಗಿ, ಯಾರೂ ಏನೂ ಮಾಡಲಾಗದ ಸ್ಥಿತಿಗೆ ಬಂದ ಮೇಲೂ ಅದನ್ನೇ ಹೇಳಿಕೊಂಡೆ.

ಎರಡು ಸಾವಿರದ ಆ ದಶಕ ಮುಗಿಯುವ ಹೊತ್ತಿಗೆ ಚಿಂಚೋಳಿ ಗುಡ್ಡದ ಒಂದು ಹಾಸ್ಟೆಲಿನಲ್ಲಿ ನಮ್ಮ ಬೆಳ್ಳಿಯ ಫಿಲ್ಟರುಗಳನ್ನು ಇಟ್ಟೆವು. ಬರುವಾಗ ಒಂದನ್ನು ಎತ್ತಿಕೊಂಡು ಸೇಡಂನಲ್ಲಿ ಬಸ್ಸಿಳಿದೆ, ಆಚಾರ್ರಿಗೆ ಕೊಡೋಣವೆಂದು. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಆಚಾರ್ರು ತೀರಿಹೋಗಿ ಎಂಟು ತಿಂಗಳಾಗಿತ್ತು. ನನಗೆ ಗೊತ್ತೇ ಇರಲಿಲ್ಲ. ಏನು ಮಾತಾಡಬೇಕೋ ತಿಳಿಯದೆ, ಗುಡಿಯ ಪೂಜೆ ಈಗ ಯಾರು ಮಾಡುತ್ತಾರೆ ಎಂದು ಕೇಳಿದೆ.

“ಅದನ್ನ ಅವರು ನೌಕರಿಯಾಗ ಇದ್ದಾಗೇ ಬಿಟ್ಟಿದ್ರಲ್ರಿ. ಮೈದುನನ ಮಗಗ ಒಪ್ಪಿಸಿಬಿಟ್ರು. ಕಾಲೇಜಿನಾಗ ಯಾರೋ ದೇವರ ಮ್ಯಾಲೆ ಆಣಿ ಮಾಡು ಅಂದ್ರಂತ, ಬಾಯಿ ಬರ್ಲಿಲ್ಲಂತ. ಸುಳ್ಳು ದಸ್ಕತ್ತು ಹಾಕಿದ ಕೈಲೆ ದೇವರಿಗೆ ಇನ್ನ ನೀರು ಹಾಕಂಗಿಲ್ಲ ಅಂದ್ರು. ದಿನಾ ನಸಕಿನ್ಯಾಗ ಹೋಗಿ ಹೊಸ್ತಿಲ ಹೊರಗ ನಿಂತು ನೋಡಿ ಬರ್ತಿದ್ರು. ಯಾರು ಕೇಳಿದ್ರು ಅಂದ್ರ ಹೇಳ್ಲಿಲ್ಲ ನೋಡ್ರಿ, ಕಡೀ ತನಕಾ.”

ಯಾವ ಕೈಯನ್ನು ದೇವರಿಗಾಗಿ ಕಾಪಾಡಿಕೊಳ್ಳಲು ಅವರು ಆ ಸುಳ್ಳು ಬರೆದರೋ, ಆ ಕೈಯನ್ನೇ ದೇವರಿಂದ ದೂರ ಇಟ್ಟಿದ್ದರು. ನಾನು ತಿದ್ದುಪಡಿಯ ಪತ್ರ ಓದಿ ಹೇಳಿದ ದಿನ ಆಗಲೇ ಅವರ ಪೂಜೆ ಹೋಗಿತ್ತು. ಹಾರ ಹಾಕಿದ ದಿನವೂ. ನಾನೋ, ಅಂಥದ್ದೇ ಸುಳ್ಳನ್ನು ಅಚ್ಚು ಹಾಕಿಸಿ ಮೇಲೇರಿದ್ದೆ. ಆಕೆ ಕೊಟ್ಟ ನೀರು ಕುಡಿದೆ. ಆಣೆ ಕೇಳಿದವಳು ನಾನೇ ಎನ್ನಲು ಬಾಯಿ ತೆರೆದೆ... ಮಾತು ಬರಲಿಲ್ಲ. ಫಿಲ್ಟರನ್ನು ಕಟ್ಟೆಯ ಮೇಲಿಟ್ಟು, ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ. ಈಗ ಆ ತಾಯಿಯೂ ಇಲ್ಲ.

ಕಳೆದ ವಾರ ಆ ಪ್ರಶ್ನೆ ಕೇಳಿದ ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದಾಗ ಚಿಂಚೋಳಿಯ ಆ ಹುಡುಗಿ ನೋಟ್‌ಬುಕ್ಕು ತೆರೆದಿಟ್ಟುಕೊಂಡು ನನ್ನ ಉತ್ತರಕ್ಕೆ ಕಾದಿದ್ದಳು. ಹುಣಸೆ ನೀರು ರಾತ್ರಿಯೆಲ್ಲ ನೆನೆದು ಕೆಂಪಗಾಗಿತ್ತು. ಒಂದೇ ಸಲ ಯಾಕೆ ಎಂದರೆ ಭಟ್ಟಿ ನೀರು ಕಡಿಮೆ ಇತ್ತು, ಅದನ್ನು ನನಗಾಗಿ ಉಳಿಸುತ್ತಿದ್ದವರು ಒಬ್ಬರಿದ್ದರು ಎಂದು ಶುರುಮಾಡಿದೆ. ಆಣೆಯ ಮಾತನ್ನೂ ಬಿಡದೆ ಹೇಳಿದೆ. ಆಕೆಯ ಪೆನ್ನು ನಡುವೆ ಎಲ್ಲೋ ನಿಂತುಬಿಟ್ಟಿತ್ತು.

“ಅಂದ್ರ ಪೇಪರಿನಾಗ ಇರೋದು ಸುಳ್ಳೇನ್ರಿ ಮೇಡಂ?”

“ಹೌದು. ಆ ಸುಳ್ಳು ನಂದು,” ಎಂದೆ.

ಅಂದೇ ಮಧ್ಯಾಹ್ನ ಕೂತು ಆ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ಬರೆದೆ. ಗಾಜು ತೊಳೆದವರು ಯಾರು, ಹೇಗೆ, ಯಾಕೆ ಎಂದು ಅವರ ಪೂರ್ತಿ ಹೆಸರಿನೊಂದಿಗೆ ಬರೆದೆ. ಇಷ್ಟು ವರ್ಷದ ಮೇಲೆ ಅದನ್ನು ಅಚ್ಚು ಹಾಕುತ್ತಾರೋ ಇಲ್ಲವೋ, ನನ್ನನ್ನು ಏನೆನ್ನುತ್ತಾರೋ ಗೊತ್ತಿಲ್ಲ. ಕೊನೆಗೆ ಸಹಿ ಹಾಕಿದೆ. ಎರಡು ದಸ್ಕತ್ತಿನಲ್ಲಿ ನನ್ನದೊಂದು ಈಗ ಖರೇ ಆಯಿತು ಆಚಾರ್ರ... ಓದಿ ಹೇಳೋಣವೆಂದರೆ ಸೇಡಂನಲ್ಲಿ ಯಾರೂ ಇಲ್ಲ.